ಕಾಶಿ ದಾರಿಯ ಟಗರು ಮರಿ

ಸೊಲ್ಲಾಪುರ, ಸೋಮವಾರ

ಸುಮಾ ತಾಯೀ, ನಿನ್ನ ಹೊಟ್ಟೆ ತಣ್ಣಗಿರ್ಲಿ.

ಫೋನು ದಾರಿ ತೋರ್ಸೋಕೆ ಬೇಕಂತೆ, ಅದಕ್ಕೇ ಈ ಕಾರ್ಡು. ಮಕ್ಕಳ ಇಸ್ಕೂಲು ಪರೀಕ್ಷೆ ಅಂತ ನೀನು ಹೊಸದುರ್ಗದಾಗೇ ಉಳ್ಕಂಡು ಬಚಾವಾದೆ. "ಹಿರಿಯೂರು, ಬಳ್ಳಾರಿ, ಹೈದರಾಬಾದ್ ಮೇಲೆ ಹೋದ್ರೆ ಕಾಶಿ ಬೇಗ ಸಿಗ್ತೈತೆ" ಅಂದ ನಿನ್ನ ಗಂಡ. "ಹೊಳಲ್ಕೆರೆ, ದುರ್ಗ, ಹೊಸಪೇಟೆ ಮೇಲೆ ಹೋಗಾಣ. ಆ ಕಡೆ ಕುರಿ ಹೊಡ್ಕಂಡು ತಿರುಗೀನಿ, ನೀರು ಎಲ್ಲೈತೆ ಗೊತ್ತು" ಅಂದ್ರು ನಿನ್ನ ಮಾವ. ಕಾರಿಗೆ ಯಾತರ ಕೆರೆ ನೀರು? ಆದ್ರೂ ಮಾವನೇ ಗೆದ್ರು. ಅಲ್ಲಿಂದ ಅಪ್ಪ ಮಗ ಮಾತಿಲ್ಲ.

ಇಲ್ಲಿ ರಸ್ತೆ ಪಕ್ಕ ಕುರಿ ಹಿಂಡು ಕಾಣ್ತು. "ನಿಲ್ಸಲೇ!" ಅಂತ ಕೂಗಿ ಮಾವ ಇಳಿದೇಬಿಟ್ರು. ಆ ಕುರಿಯೋರ ಮಾತು ಇವರಿಗೆ ಬರಲ್ಲ. ಆದ್ರೂ ಹಲ್ಲು ನೋಡಿ, ಬೆನ್ನು ತಡವಿ, ಒಂದು ಕರೀ ಟಗರು ಮರಿ ತಗಂಡೇಬಿಟ್ರು. ಕಾಶಿಗೆ ಹೊಂಟೋರು ಟಗರು ಕೊಳ್ತಾರೇನೇ?

ಕಾರಿನಾಗೆ ಅದು ನನ್ನ ತೊಡೆ ಮೇಲೇ ಕೂರೋದು. ಎಸಿ ಹಾಕಿದ್ರೆ ಡೀಸೆಲ್ ಕುಡೀತೈತೆ ಅಂತಿದ್ದ ನಿನ್ನ ಗಂಡ, ಮರಿ ಏದುಸಿರು ಬಿಟ್ಟಿದ್ದೇ ತಡ, ಹಾಕೇಬಿಟ್ಟ. ನಾಗಪುರಕ್ಕೆ ಎರಡು ದಾರಿ ಅವಂತೆ. ಅಪ್ಪ ಮಗ ತಲೆಗೆ ತಲೆ ಸೇರ್ಸಿ ಫೋನ್ ನೋಡಿ, ಮರ ಜಾಸ್ತಿ ಇರೋ ಸುತ್ತಿನ ದಾರಿ ಆರಿಸವ್ರೆ. ನನ್ನ ಮಂಡಿ ಊದೈತೆ, ಗುಳಿಗೆ ನುಂಗೀನಿ, ಚಿಂತೆ ಬ್ಯಾಡ.

ಅಂಚೆ ಡಬ್ಬಿ ಹತ್ರ ನಿಂತು ಬರೀತಿದೀನಿ, ಕಾರಿಂದ ಹಾರ್ನ್ ಹೊಡೀತಾವ್ರೆ, ಮರಿಗೆ ಬಿಸಿಲಂತೆ. ಮೂವತ್ತೈದು ವರ್ಷದಾಗೆ ನನಗೆ ಬಿಸಿಲು ಅಂತ ಈ ಮನೇರು ಒಂದು ದಾರಿ ಬದಲಿಸಿದ್ದು ನಾ ಕಾಣೆ.

ನಿನ್ನತ್ತೆ
ಕಾಳಕ್ಕ