ಐದು ಫೋನು, ಹನ್ನೊಂದು ಹೆಂಗಸರು: ವೀಡಿಯೊ ಕಂಪೆನಿಯ ಪರಿಶೀಲನಾಧಿಕಾರಿಗೆ

ಮಾನ್ಯ ಪರಿಶೀಲನಾಧಿಕಾರಿಗಳೇ,

ನನ್ನ ಅಕ್ಷರ ಚೆನ್ನಾಗಿಲ್ಲ, ಕಾಗುಣಿತದಲ್ಲೂ ತಪ್ಪುಗಳಿರುತ್ತವೆ. ಮೊದಲಿಗೇ ಕ್ಷಮೆ ಕೇಳುತ್ತೇನೆ. ನಾನು ಶಾಲೆಗೆ ಹೋದದ್ದು ಐದನೆಯ ತರಗತಿಯವರೆಗೆ ಮಾತ್ರ. ಪತ್ರಿಕೆಯವರು ತಿದ್ದಿ ಅಚ್ಚು ಹಾಕುತ್ತಾರೆ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ಪತ್ರಿಕೆಗೆ ಯಾಕೆ ಎಂದರೆ ನಿಮಗೆ ವಿಳಾಸವಿಲ್ಲ. ನಿಮ್ಮ ಕಂಪೆನಿಗೆ ದೂರು ಬರೆಯುವ ಚೌಕದಲ್ಲಿ ಐನೂರು ಅಕ್ಷರ ಮಾತ್ರ ಹಿಡಿಸುತ್ತದೆ, ಅದೂ ಇಂಗ್ಲಿಷಿನಲ್ಲಿ. ನನ್ನ ದೂರು ಅದಕ್ಕಿಂತ ಉದ್ದವಿದೆ. ಒಂದೇ ಸಾಲಿನಲ್ಲಿ ಹೇಳಬೇಕಾದರೆ ಹೀಗೆ: ಬಜಪೆಯ ಒಂದು ಜಗಲಿಯಲ್ಲಿ ಕುಳಿತು ನನ್ನ ಕಥೆ ಕೇಳುವ ಹನ್ನೊಂದು ಹೆಂಗಸರನ್ನು ಮನುಷ್ಯರಲ್ಲ ಎಂದು ತಾವು ತೀರ್ಮಾನಿಸಿದ್ದೀರಿ.

ನಾನು ಉರ್ವ ಮಾರ್ಕೆಟಿನಲ್ಲಿ ಅಮ್ಮನ ಜೊತೆ ಮಲ್ಲಿಗೆ ಕಟ್ಟಿ ಮಾರುತ್ತೇನೆ. ಅಂಗಡಿ ಮುಗಿಸಿ ಮನೆಗೆ ಬಂದ ಮೇಲೆ ಸಿಕ್ಕಿದ ಹೊತ್ತಿನಲ್ಲಿ ಕಥೆ ಬರೆಯುತ್ತೇನೆ. ಅದನ್ನು ತುಳುವಿನಲ್ಲಿ ಓದಿ ವೀಡಿಯೊ ಮಾಡಿ ನಿಮ್ಮಲ್ಲಿ ಹಾಕುತ್ತೇನೆ. ವೀಡಿಯೊದಲ್ಲಿ ಕಾಣುವುದು ಬಾಳೆನಾರಿನಲ್ಲಿ ಹೂ ಕಟ್ಟುವ ನನ್ನ ಎರಡು ಕೈಗಳು ಮಾತ್ರ. ಮುಖ ತೋರಿಸಲು ನನಗೆ ನಾಚಿಕೆ. ಗಿರಾಕಿಗಳ ಜೊತೆ ಮಾತಾಡುವಾಗಲೂ ನಾನು ಹೂವನ್ನೇ ನೋಡುವವಳು. ಒಂದೂವರೆ ವರ್ಷದಲ್ಲಿ ನೂರ ಹನ್ನೆರಡು ಕಥೆಗಳಾದವು. ದೊಡ್ಡ ಕಥೆಗಳೇನೂ ಅಲ್ಲ. ಮದುವೆಗೆ ಹೂ ತಲುಪಿಸಲು ಹೋದವನು ತಪ್ಪಿ ಬೇರೆ ಹಾಲ್‌ಗೆ ಹೊಕ್ಕು, ಅಲ್ಲಿ ಊಟವನ್ನೂ ಮಾಡಿ, ಫೋಟೊಕ್ಕೂ ನಿಂತು ಬಂದ ಕಥೆ. ಬಸ್ಸಿನಲ್ಲಿ ಬದಲಾದ ಎರಡು ಕೊಡೆಗಳ ಕಥೆ. ಇಂಥವು. ಸಾವಿರ ಚಂದಾದಾರರು, ನಾಲ್ಕು ಸಾವಿರ ಗಂಟೆ ವೀಕ್ಷಣೆ ಆದರೆ ಜಾಹೀರಾತಿನಲ್ಲಿ ಪಾಲು ಕೊಡುತ್ತೇವೆ ಎಂದು ತಾವೇ ಹೇಳಿದ್ದಿರಿ. ಆ ಪಾಲು ಬಂದರೆ ಸಂಜೆ ಇನ್ನೊಬ್ಬರ ಅಂಗಡಿಯಲ್ಲಿ ಮಾಲೆ ಕಟ್ಟುವ ಕೆಲಸ ಬಿಟ್ಟು, ಆ ಎರಡು ಗಂಟೆ ಕುಳಿತು ಬರೆಯಬಹುದು ಎಂಬುದು ನನ್ನ ಆಸೆಯಾಗಿತ್ತು. ಬಂಗಲೆ ಕಟ್ಟುವ ಆಸೆಯಲ್ಲ, ಎರಡು ಗಂಟೆಯ ಆಸೆ.

ಕಳೆದ ತಿಂಗಳು ಎರಡೂ ಲೆಕ್ಕ ತುಂಬಿತು. ಅರ್ಜಿ ಹಾಕಿದೆವು. ಹನ್ನೊಂದು ನಿಮಿಷದಲ್ಲಿ ಉತ್ತರ ಬಂತು. ನಿಮ್ಮ ಚಾನೆಲನ್ನು ಎಚ್ಚರಿಕೆಯಿಂದ ಪರಿಶೀಲಿಸಿದ್ದೇವೆ ಎಂದು ಅದರಲ್ಲಿ ಬರೆದಿತ್ತು. ನೂರ ಹನ್ನೆರಡು ಕಥೆಗಳನ್ನು ಹನ್ನೊಂದು ನಿಮಿಷದಲ್ಲಿ ಎಚ್ಚರಿಕೆಯಿಂದ ಕೇಳಿದವರಿಗೆ ನಾನು ಮೊದಲು ನಮಸ್ಕಾರ ಮಾಡಬೇಕು. ಇಂಗ್ಲಿಷ್ ಪತ್ರವನ್ನು ಓದಿ ಹೇಳಿದವಳು ಬ್ರೆಂಡಾ. ಕೊಡಿಯಾಲ್‌ಬೈಲಿನ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವ ನನ್ನ ಗೆಳತಿ, ಚಾನೆಲ್ ತೆರೆದುಕೊಟ್ಟವಳೂ ಅವಳೇ. ಉತ್ತರ ಬಂದ ಭಾನುವಾರ ಅವಳನ್ನು ಬಜಪೆಗೆ, ನನ್ನ ಮುದ್ದು ಮಾಮಿಯ ಮನೆಗೆ ಕರೆದುಕೊಂಡು ಹೋಗಿದ್ದೆ. ಬೀಡಿ ಕಟ್ಟುವ ಹೆಂಗಸರೆಲ್ಲ ಆ ಮನೆಯ ಜಗಲಿಯಲ್ಲಿ ಸೇರುತ್ತಾರೆ. ಅಲ್ಲಿ ಮಾತೆಲ್ಲ ತುಳುವಿನಲ್ಲೇ. ತಮಗೆ ಅರ್ಥವಾಗಲೆಂದು ಕನ್ನಡದಲ್ಲಿ ಬರೆಯುತ್ತೇನೆ.

"ಎಂತ ಮಾರಾಯ್ತಿ, ನಿನ್ನ ವೀವರ್ಸ್ ಎಲ್ಲ ಡುಪ್ಲಿಕೇಟ್ ಅಂತೆ!" ಎಂದಳು ಬ್ರೆಂಡಾ.

"ಡುಪ್ಲಿಕೇಟ್ ಅಂದ್ರೆ?" ಮಾಮಿ ಕತ್ತರಿ ನಿಲ್ಲಿಸಿ ಕೇಳಿದರು.

"ಮೆಷಿನ್ ಮಾಮಿ. ನೀವೆಲ್ಲ ಮೆಷಿನ್ ಅಂತ ಬರ್ದಿದ್ದಾರೆ. ಮನುಷ್ಯರು ಹೀಗೆ ನೋಡುದಿಲ್ಲ ಅಂತೆ."

ಜಗಲಿಯ ಕೊನೆಯಲ್ಲಿ ಕೂರುವ ಅಪೊಲೋನಿಯಾ ಬಾಯಿಗೆ ಕಿವಿ ಸ್ವಲ್ಪ ಮಂದ. ಪಕ್ಕದವಳು ಜೋರಾಗಿ ಹೇಳಿದ ಮೇಲೆ ಅವರಿಗೆ ವಿಷಯ ತಿಳಿಯಿತು. "ನಾನು ಮೆಷಿನ್ ಆದ್ರೆ ಈ ಸೊಂಟನೋವು ಯಾರದ್ದು ಅಂತ ಕೇಳು ಅವನತ್ರ," ಎಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಮಾನ್ಯರೇ, ತಮ್ಮ ಅನುಮಾನಕ್ಕೆ ಕಾರಣ ನನಗೆ ಗೊತ್ತು. ಒಂದೇ ಮನೆಯ ವೈಫೈಯಿಂದ ಐದು ಫೋನುಗಳು, ಒಂದೇ ಕಥೆ, ಒಂದೇ ಕ್ಷಣಕ್ಕೆ ಶುರು, ಐದೂ ಸೇರಿ ದಿನಕ್ಕೆ ಏಳು ಗಂಟೆ. ನನ್ನ ಗಂಟೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆ ಒಂದು ಜಗಲಿಯಿಂದಲೇ ಬಂದಿವೆ. ದೂರದಲ್ಲಿ ಕುಳಿತು ಲೆಕ್ಕ ನೋಡುವವರಿಗೆ ಇದು ಮೋಸದ ಹಾಗೆಯೇ ಕಾಣುತ್ತದೆ, ಒಪ್ಪುತ್ತೇನೆ. ಆದರೆ ಜಗಲಿಯನ್ನು ನೋಡಿದವರಿಗೆ? ಹನ್ನೊಂದು ಜನ ಗೋಡೆಗೆ ಒರಗಿ ಒಂದೇ ಸಾಲಿನಲ್ಲಿ ಕೂರುತ್ತಾರೆ. ಪ್ರತಿಯೊಬ್ಬರ ಮಡಿಲಲ್ಲೂ ತಡ್ಪೆ, ಅಂದರೆ ಬಿದಿರಿನ ಮೊರ. ಅದರಲ್ಲಿ ಎಲೆ, ಹೊಗೆಸೊಪ್ಪು, ನೂಲು. ನಡುವಿನಲ್ಲಿ ಒಂದು ಫೋನ್ ಇಟ್ಟರೆ ತುದಿಯವರಿಗೆ ಕೇಳುವುದಿಲ್ಲ. ಸ್ಪೀಕರ್ ಕೊಳ್ಳಬಹುದಿತ್ತಲ್ಲ ಎನ್ನುತ್ತೀರಾ? ಕೊಳ್ಳುವ ಮೊದಲೇ ಅವರು ಉಪಾಯ ಕಂಡುಕೊಂಡಿದ್ದರು. ಎರಡೆರಡು ಹೆಂಗಸರ ನಡುವೆ ಒಂದರಂತೆ ಐದು ಫೋನುಗಳನ್ನಿಟ್ಟು ಒಂದೇ ಕಥೆಯನ್ನು ಒಟ್ಟಿಗೆ ಬಿಡುವುದು. "ಒಂಜಿ, ರಡ್ಡ್, ಮೂಜಿ" ಎಂದು ಮಾಮಿ ಎಣಿಸುತ್ತಾರೆ. ಮೂಜಿ ಎಂದಾಗ ಐವರೂ ಬೆರಳ ಗೆಣ್ಣಿನಿಂದ ಒತ್ತುತ್ತಾರೆ, ತುದಿಬೆರಳಿಗೆ ಹೊಗೆಸೊಪ್ಪಿನ ಪುಡಿ ಅಂಟಿರುತ್ತದಲ್ಲ. ಆಗ ನನ್ನ ಸಣ್ಣ ಸ್ವರ ಇಡೀ ಜಗಲಿಗೆ ಸಾಕಾಗುತ್ತದೆ.

ಇನ್ನೂ ಒಂದು ಸಾಕ್ಷಿ ತಮ್ಮ ಕೈಯಲ್ಲಿರಬೇಕು. ದಿನವೂ ಕೆಲವು ಗೊತ್ತಾದ ಹೊತ್ತಿಗೆ ಸರಿಯಾಗಿ ಆ ಐದೂ ಫೋನುಗಳು ಅರ್ಧ ನಿಮಿಷ ಹಿಂದಕ್ಕೆ ಹೋಗುತ್ತವೆ. ಯಂತ್ರವಲ್ಲದೆ ಇಷ್ಟು ಶಿಸ್ತು ಯಾರಿಗೆ ಎಂದು ತಮಗೆ ಅನಿಸಿರಬಹುದು. ಬಜಪೆಯಲ್ಲಿ ವಿಮಾನ ನಿಲ್ದಾಣವಿದೆ, ಮಾನ್ಯರೇ. ಮಾಮಿಯ ಮನೆಯ ಹಂಚಿನ ಮೇಲೆಯೇ ವಿಮಾನ ಇಳಿಯುತ್ತದೆಯೋ ಎಂಬಷ್ಟು ಹತ್ತಿರ. ಅದು ಹೋದ ಮೇಲೆ "ಅವಳು ಎಂತ ಹೇಳಿದ್ದು? ಹಿಂದೆ ಹಾಕು, ಹಿಂದೆ ಹಾಕು" ಎಂದು ಬೊಬ್ಬೆ. ತಪ್ಪಿಹೋದ ಅರ್ಧ ನಿಮಿಷವನ್ನು ಮತ್ತೆ ಕೇಳಿಯೇ ಮುಂದೆ ಹೋಗುವುದು. ಯಂತ್ರಗಳಿಗೆ ಕಥೆ ತಪ್ಪಿಹೋಯಿತೆಂಬ ಚಿಂತೆ ಇರುತ್ತದೆಯೇ? ತಮ್ಮಲ್ಲಿ ಅಂಥ ಯಂತ್ರವಿದ್ದರೆ ದಯವಿಟ್ಟು ನನ್ನ ಚಾನೆಲ್‌ಗೆ ಚಂದಾದಾರನಾಗಲು ಹೇಳಿ.

ಇನ್ನು ನಮ್ಮ ತಪ್ಪು. ಇದನ್ನು ಬರೆಯದೆ ಬಿಟ್ಟರೆ ಈ ಪತ್ರಕ್ಕೆ ಬೆಲೆಯಿಲ್ಲ. ಬ್ರೆಂಡಾ ಬೇಡವೆಂದಳು, ಆದರೂ ಬರೆಯುತ್ತೇನೆ. ಗಂಟೆ ತುಂಬಲು ಸ್ವಲ್ಪವೇ ಬಾಕಿ ಇದ್ದಾಗ, ಊಟಕ್ಕೆ ಏಳುವ ಹೆಂಗಸರಿಗೆ ಮಾಮಿ ಹೇಳಿದರಂತೆ: "ಬಂದ್ ಮಾಡ್ಬೇಡಿ, ಇರ್ಲಿ. ಹುಡುಗಿಗೆ ಗಂಟೆ ಆಗ್ಬೇಕಲ್ಲ." ಮೂರು ವಾರ ಮಧ್ಯಾಹ್ನದ ಅರ್ಧ ಗಂಟೆ ಆ ಐದು ಫೋನುಗಳು ಖಾಲಿ ಜಗಲಿಗೆ ಕಥೆ ಹೇಳಿದವು. ಒಂದು ಭಾನುವಾರ ಊಟದ ಹೊತ್ತಿಗೆ ಹೋದಾಗ ನಾನೇ ನೋಡಿದೆ. ಒಳಗೆ ತಟ್ಟೆಯ ಸದ್ದು, ಹೊರಗೆ ನನ್ನದೇ ಸ್ವರ, ಎದುರಿಗೆ ಹನ್ನೊಂದು ತಡ್ಪೆಗಳು ಮಾತ್ರ. ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಮಾಮಿಗೆ ಬೇಸರವಾದೀತು ಎಂದು ನನಗೆ ನಾನೇ ಹೇಳಿಕೊಂಡೆ, ಆದರೆ ನಿಜವಾಗಿ ನನಗೂ ಗಂಟೆ ಬೇಕಿತ್ತು. ಈಗ ಹೂ ಕಟ್ಟುವಾಗ, ಬಸ್ಸಿನಲ್ಲಿ ಕೂತಾಗ, ಆ ಖಾಲಿ ಜಗಲಿಯೇ ಕಣ್ಣಿಗೆ ಬರುತ್ತದೆ. ನೀವು ಮೋಸ ಎಂದು ಕರೆದದ್ದು ಆ ಅರ್ಧ ಗಂಟೆಯನ್ನಾಗಿದ್ದರೆ ನಾನು ತಲೆ ತಗ್ಗಿಸಿ ಸುಮ್ಮನಿರುತ್ತಿದ್ದೆ. ಆದರೆ ನೀವು ಖಾಲಿ ಜಗಲಿಯನ್ನೂ ತುಂಬಿದ ಜಗಲಿಯನ್ನೂ ಒಂದೇ ಎಂದು ಬರೆದಿರಿ. ಒಂದೂವರೆ ವರ್ಷ ಬೆನ್ನು ಬಗ್ಗಿಸಿ ಕೂತು ಕೇಳಿದವರನ್ನು ಇಲ್ಲವೆಂದು ಮಾಡಿದಿರಿ. ಇದು ಯಾವ ನ್ಯಾಯ?

ಮೇಲ್ಮನವಿಗೆ ಹದಿನಾಲ್ಕು ದಿನ ಕೊಟ್ಟಿದ್ದೀರಿ. ಇವತ್ತಿಗೆ ಒಂಬತ್ತು ಮುಗಿಯಿತು. ಉಳಿದ ಐದು ದಿನದೊಳಗೆ ನಾನು ಕ್ಯಾಮೆರಾದ ಎದುರು ಮುಖ ತೋರಿಸಿ, ನಾನು ನಿಜವಾದ ವ್ಯಕ್ತಿ ಎಂದು ಮಾತಾಡಿದ ವೀಡಿಯೊ ಕಳುಹಿಸಬೇಕು. ಇಲ್ಲವಾದರೆ ಚಾನೆಲ್ ಮುಚ್ಚುತ್ತದೆ, ನೂರ ಹನ್ನೆರಡು ಕಥೆಗಳು ಹೋಗುತ್ತವೆ. ನಾಲ್ಕು ಸಲ ಪ್ರಯತ್ನಿಸಿದೆ. ನಾಲ್ಕು ಸಲವೂ ನನ್ನ ಮುಖ ನೋಡಿ ನನಗೇ ಮಾತು ನಿಂತಿತು. ಬ್ರೆಂಡಾ ಬೈದಳು: "ಒಂದು ನಿಮಿಷದ ಕೆಲಸ ಮಾರಾಯ್ತಿ, ಎಂತ ಹುಲಿ ಉಂಟಾ ಫೋನಿನ ಒಳಗೆ?" ಹುಲಿ ಇದ್ದಿದ್ದರೆ ಅದಕ್ಕೂ ಒಂದು ಮುಖವಿರುತ್ತಿತ್ತು. ನನ್ನ ಮುಖ ಕೇಳುವ ತಮಗೆ ಮುಖವಿಲ್ಲ, ಹೆಸರಿಲ್ಲ, ಸಹಿಯಿಲ್ಲ. ಪತ್ರದ ಕೆಳಗೆ "ತಂಡ" ಎಂದಷ್ಟೇ ಇದೆ. ಹನ್ನೊಂದು ನಿಮಿಷದಲ್ಲಿ ತೀರ್ಪು ಕೊಟ್ಟದ್ದು ಮನುಷ್ಯರೇ ಎಂದು ರುಜುವಾತು ಮಾಡಲು ನಾನು ತಮಗೆ ಎಷ್ಟು ದಿನ ಕೊಡಬೇಕು?

ಆದ್ದರಿಂದ ನನ್ನ ಬೇಡಿಕೆ. ಆ ಮೂರು ವಾರಗಳ ಊಟದ ಹೊತ್ತನ್ನು ಕಳೆಯಿರಿ, ನಾನು ಒಂದು ಮಾತೂ ಆಡುವುದಿಲ್ಲ. ಕಳೆದರೂ ನಾಲ್ಕು ಸಾವಿರದ ಮೇಲೆಯೇ ಉಳಿಯುತ್ತದೆ ಎಂದು ಬ್ರೆಂಡಾ ಹೇಳುತ್ತಾಳೆ. ಉಳಿಯದಿದ್ದರೆ ಕಾಯುತ್ತೇನೆ, ಅದು ನನ್ನ ತಪ್ಪಿಗೆ ಸರಿಯಾದ ಶಿಕ್ಷೆ. ಉಳಿದ ಗಂಟೆಗಳನ್ನು ಮನುಷ್ಯರು ಕೇಳಿದ ಗಂಟೆಗಳೆಂದು ಒಪ್ಪಿಕೊಳ್ಳಿ. ಈ ಪತ್ರವನ್ನೇ ನನ್ನ ಮುಖವೆಂದು ತಿಳಿಯಿರಿ. ಮತ್ತು ತೀರ್ಪು ಏನೇ ಇರಲಿ, ಅದರ ಕೆಳಗೆ ಒಬ್ಬ ಮನುಷ್ಯನ ಹೆಸರು ಬರೆಯಿರಿ. ನಂಬಿಕೆ ಬಾರದಿದ್ದರೆ ಒಬ್ಬರನ್ನು ಬಜಪೆಗೆ ಕಳುಹಿಸಿ. ಜಗಲಿಯಲ್ಲಿ ಹನ್ನೆರಡನೆಯವರಿಗೆ ಜಾಗ ಮಾಡಿಕೊಡುತ್ತಾರೆ, ಚಹಾವನ್ನೂ ಕೊಡುತ್ತಾರೆ.

ಇವತ್ತು ಬೆಳಿಗ್ಗೆ ಅಂಗಡಿಯನ್ನು ಅಮ್ಮನಿಗೆ ಬಿಟ್ಟು ಮೊದಲ ಬಸ್ಸಿಗೆ ಬಜಪೆಗೆ ಹೋದೆ. ತಮ್ಮ ಉತ್ತರ ಬರುವ ತನಕ ಆ ಮನೆಯಿಂದ ಒಂದು ನಿಮಿಷವೂ ತಮ್ಮ ಲೆಕ್ಕಕ್ಕೆ ಬರುವುದು ಬೇಡವೆಂದು ಐದೂ ಫೋನುಗಳನ್ನು ಬಂದ್ ಮಾಡಿಸಿದೆ. ಎಲೆ ಕತ್ತರಿಸುವ ಸದ್ದು ಮಾತ್ರ ಉಳಿಯಿತು. ನಾನೂ ಗೋಡೆಗೆ ಒರಗಿ ಕೂತೆ. ಆಮೇಲೆ ಚೀಲದಿಂದ ಪುಸ್ತಕ ತೆಗೆದು, ತಲೆ ಎತ್ತದೆ, ಹೊಸ ಕಥೆಯನ್ನು ಓದತೊಡಗಿದೆ. ಎರಡು ಸಾಲು ಮುಗಿಯುವಷ್ಟರಲ್ಲಿ ಅಪೊಲೋನಿಯಾ ಬಾಯಿ, "ಈಚೆ ಎಂತದೂ ಕೇಳುದಿಲ್ಲ ಮಗಾ," ಎಂದರು. ಎದ್ದು ನಿಂತು ಮೊದಲಿನಿಂದ ಓದಿದೆ.

ಇಂತಿ,
ಸದ್ಯಕ್ಕೆ ಹೆಸರನ್ನಷ್ಟೇ ತೋರಿಸಲು ಧೈರ್ಯವಿರುವ,
ಪ್ರಾಪ್ತಿ
ಹೂವಿನ ಸಾಲು, ಉರ್ವ ಮಾರ್ಕೆಟ್, ಮಂಗಳೂರು