ಕಸಾಯಿಖಾನೆ ಇಲ್ಲದ ಊರು

ಕ್ಲಾರ್ಕ್ಸ್‌ಬರ್ಗ್
ಏಪ್ರಿಲ್ ೨೦೨೩

ಸಂಪಾದಕರಾದ ಭುಜಂಗ ಅವರಿಗೆ,

ಕನ್ನಡ ಸಂಘದ ಯುಗಾದಿ ಸಂಚಿಕೆ ತಲುಪಿತು. ಅಮೆರಿಕಕ್ಕೆ ಬರುವ ಮೊದಲು ಆಸ್ಟ್ರೇಲಿಯಾದಲ್ಲಿ ನಾವಿದ್ದ ವಾರಂಡೂ ಎಂಬ ಪುಟ್ಟ ಊರಿನ ಬಗ್ಗೆ ನಾನು ಬರೆದ ಲೇಖನದಿಂದ ಕಸಾಯಿಖಾನೆಯನ್ನೇ ತೆಗೆದುಹಾಕಿದ್ದೀರಿ. ಫೋನ್ ಮಾಡಿ ಕೇಳಿದರೆ, “ಹಬ್ಬದ ಸಂಚಿಕೆ ಆಂಟಿ, ದೇವಸ್ಥಾನದಲ್ಲೂ ಡಿಸ್ಟ್ರಿಬ್ಯೂಟ್ ಮಾಡ್ತೀವಿ. ನಾನ್‌ವೆಜ್ ವಿಷಯ ಬೇಡ ಅನ್ನಿಸ್ತು” ಎಂದಿರಿ.

ಆ ಊರಿಗೆ ರೈಲು ಬಂದದ್ದೇ ಕುರಿ ಮಾಂಸ ಸಾಗಿಸಲು. ಕಸಾಯಿಖಾನೆ ಮುಚ್ಚಿದ ಮೇಲೆ ಬ್ಯಾಂಕು, ಶಾಲೆ ಎರಡೂ ಬಾಗಿಲು ಹಾಕಿದವು. ಅದನ್ನೆಲ್ಲ ಕಿತ್ತುಹಾಕಿದ ಮೇಲೆ ಇನ್ನೇನು ಉಳಿಯಿತು? ನೀವು ಸೇರಿಸಿದ ಕಾಂಗರೂ ಚಿತ್ರ!

ನಮ್ಮ ಯಜಮಾನರು ಅಲ್ಲಿ ಕುರಿಗಳನ್ನು ತಪಾಸಣೆ ಮಾಡುವ ಪಶುವೈದ್ಯರಾಗಿದ್ದರು. ಈರುಳ್ಳಿಯನ್ನೂ ತರದ ನಮ್ಮ ಮನೆಯಲ್ಲಿ ಅನ್ನ ಬೇಯುತ್ತಿದ್ದುದು ಆ ಸಂಬಳದಿಂದಲೇ.

ಕಸಾಯಿಖಾನೆಯ ಕೊನೆಯ ದಿನ ಕೆಲಸಗಾರರು ಬಯಲಿನಲ್ಲಿ ಊಟ ಇಟ್ಟುಕೊಂಡು ನಮ್ಮನ್ನೂ ಕರೆದಿದ್ದರು. ಹೊಸ ಬಾಣಲೆ ತಂದು, ಬೇರೆಯೇ ಒಲೆ ಹೂಡಿ, ನಮಗೆಂದು ಆಲೂಗಡ್ಡೆ, ಜೋಳ ಬೇಯಿಸಿದ್ದರು. ತಮ್ಮ ಕೆಲಸ ಹೋದ ದಿನವೂ ಅವರಿಗೆ ನಮ್ಮ ಮಡಿ ನೆನಪಿತ್ತು. ನಿಮಗೆ ಅವರಿಗಾಗಿ ಒಂದು ಸಾಲನ್ನೂ ಉಳಿಸಲಾಗಲಿಲ್ಲ.

ಸಂಘದ ವೆಬ್‌ಸೈಟಿನಲ್ಲಾದರೂ ಲೇಖನವನ್ನು ಪೂರ್ತಿ ಹಾಕಿ. ಆಗದಿದ್ದರೆ ನನ್ನ ಹೆಸರನ್ನೂ ತೆಗೆದುಬಿಡಿ. ನಾನು ಆ ಕೆಲಸಗಾರರ ಪಂಕ್ತಿಯಲ್ಲೇ ಕೂರುತ್ತೇನೆ.

ಇತಿ,
ಶ್ರೀಲತಾ ಕೃಷ್ಣಪ್ರಸಾದ