ಅವ್ವನ ಮಾತ್ರೆ ಮತ್ತು ನಿಮ್ಮ ಜೀಪು

ಮಾರ್ಫಿನ್ ಪರವಾನಗಿಗೆ ಸಹಿ ಹಾಕುವ ಮಾನ್ಯ ಅಧಿಕಾರಿಗಳೇ,

ನಮ್ಮ ಅವ್ವ ಅಫೀಮು ತಿನ್ನುವವಳಲ್ಲ. ಇದನ್ನು ಪತ್ರಿಕೆಯಲ್ಲಿ ಬರೆಯಬೇಕಾಗಿ ಬಂದದ್ದಕ್ಕೆ ನನಗೆ ನಾಚಿಕೆಯಾಗುತ್ತಿದೆ. ಆದರೆ ಕಮಲಾಪುರದ ನಮ್ಮ ಓಣಿಯಲ್ಲಿ ಜೀಪು ನಿಲ್ಲಿಸಿ, ಎದುರು ಮನೆಯ ಬಂಡಮ್ಮನನ್ನು "ಎಷ್ಟ್ ವರ್ಷದಿಂದ ತಿಂತಾಳ ಈಕಿ?" ಎಂದು ಕೇಳಿದವರು ನಿಮ್ಮ ಸಿಬ್ಬಂದಿ. ಅವ್ವನಿಗಿರುವುದು ಎಲುಬಿಗೆ ಇಳಿದ ಕ್ಯಾನ್ಸರ್. ನೋವಿಗೆ ಕಲಬುರಗಿಯ ಆಸ್ಪತ್ರೆಯಲ್ಲಿ ಮಾರ್ಫಿನ್ ಮಾತ್ರೆ ಕೊಡುತ್ತಾರೆ. ಈಗ ಮೊದಲಿಗಿಂತ ಹೆಚ್ಚು ಬೇಕಾಗಿದೆ. ಹೆಚ್ಚು ಬೇಕೆಂದರೆ ಚಟ ಎಂದು ತೀರ್ಮಾನಿಸಿದ ನಿಮ್ಮ ಕಚೇರಿ, ಆಸ್ಪತ್ರೆಯ ಹೊಸ ದಾಸ್ತಾನಿಗೆ ಅನುಮತಿ ತಡೆದಿದೆ. ಇಷ್ಟು ಸುಲಭವಾಗಿ ರೋಗ ಗುರುತಿಸುವವರು ಇರುವಾಗ ಡಾಕ್ಟರುಗಳು ಯಾಕೆ ಬೇಕು?

ನಾನು ಸಾಹಿತ್ಯ ಓದಿದವಳು. ಅವ್ವನಿಗೆ ಮಾತ್ರೆ ಬರೆದುಕೊಡುವ ಡಾಕ್ಟರ್ ಹಾಜಿರಾ ಅವರನ್ನು ಕೇಳಿ ತಿಳಿದುಕೊಂಡೆ. ಶಹಾಬಜಾರದ ಚಹಾದಂಗಡಿಯವನು, ಕೂತವರು ಏಳದಿದ್ದರೆ ಬೆಂಚುಗಳನ್ನೇ ಒಳಗೆಳೆದುಕೊಳ್ಳುವುದಿಲ್ಲವೇ? ನರಕೋಶವೂ ಹಾಗೆ. ಔಷಧಿ ಬರುತ್ತಲೇ ಇದ್ದರೆ, ಅದು ಬಂದು ಕೂರುವ ಬೆಂಚುಗಳಲ್ಲಿ, ಅಂದರೆ ರಿಸೆಪ್ಟರುಗಳಲ್ಲಿ, ಕೆಲವನ್ನು ಕೋಶ ಒಳಗೆಳೆದುಕೊಳ್ಳುತ್ತದೆ. ಕೆಲವು ಹೊರಗಿದ್ದೂ ಮಂಕಾಗುತ್ತವೆ. ಯಾವುದರ ಪಾಲು ಎಷ್ಟೆಂದು ವಿಜ್ಞಾನಿಗಳು ಇನ್ನೂ ವಾದಿಸುತ್ತಿದ್ದಾರಂತೆ. ಅಂತೂ ಅದೇ ಮಾತ್ರೆ ಅದೇ ನೋವಿಗೆ ಸಾಲದಾಗುತ್ತದೆ. ಔಷಧಿಯ ಮಂಪರಿಗೆ ಎದುರಾಗಿ ಜೋರಾಗಿ ದುಡಿಯುವುದನ್ನೂ ಕೋಶ ಕಲಿತಿರುತ್ತದೆ. ಔಷಧಿ ಒಮ್ಮೆಲೇ ನಿಂತರೆ ಆ ದುಡಿತಕ್ಕೆ ತಡೆಯೇ ಇಲ್ಲ: ಬೆವರು, ನಡುಕ, ಆಕಳಿಕೆ, ಭೇದಿ. ಇದರಲ್ಲಿ ಶೀಲದ ಮಾತೆಲ್ಲಿ ಬಂತು?

ಜೀಪು ಬಂದುಹೋದ ವಾರವೇ ನನ್ನನ್ನು ನೋಡಲು ಗಂಡಿನವರು ಬಂದರು. ನಾನು ಮಂಡಕ್ಕಿ ಸುಸಲಾದ ತಟ್ಟೆ ಹಿಡಿದು ಹೊರಬಂದಾಗ ಅವ್ವ ಗೋಡೆಗೆ ಒರಗಿ ನಡುಗುತ್ತಿದ್ದಳು. ಮೂಗು ಸೋರುತ್ತಿತ್ತು, ಮೇಲಿಂದ ಮೇಲೆ ಆಕಳಿಕೆ.

"ಚಳಿಜ್ವರ ಬಂದದ ರೀ," ಎಂದಳು.

ಗಂಡಿನ ಸೋದರತ್ತೆ ಪುತಳಾಬಾಯಿ ನಕ್ಕರು. "ಜೀಪ್ ಬಂದಿದ್ದು ಜ್ವರ ನೋಡ್ಲಿಕ್ಕೇನ್ರಿ, ಅಕ್ಕಾರ?"

ತಟ್ಟೆ ಮುಟ್ಟದೆ ಎದ್ದುಹೋದರು. ಆಮೇಲೆ ಅವ್ವ ಹೇಳಿದಳು: "ಮೂರ್ ದಿನ ಆಯ್ತವ್ವ, ಒಂದೂ ನುಂಗಿಲ್ಲ. ಅಫೀಮ್ ತಿನ್ನಾಕಿ ಮಗಳು ಅಂತ ನಿನಗ ಯಾರೂ ಅನಬಾರ್ದಲ್ಲ."

ಚಟವಿಲ್ಲವೆಂದು ತೋರಿಸಲು ಮಾತ್ರೆ ಬಿಟ್ಟಳು. ಬಿಟ್ಟದ್ದರಿಂದಲೇ ಚಟದವಳಂತೆ ಕಂಡಳು.

ಡಾಕ್ಟರ್ ಹಾಜಿರಾ ಮತ್ತೆ ಮಾತ್ರೆ ಶುರು ಮಾಡಿಸಿದ್ದಾರೆ, ಆದರೆ ಆಸ್ಪತ್ರೆಯ ದಾಸ್ತಾನು ಮುಗಿಯುತ್ತ ಬಂದಿದೆ. ಅವರು ಕೇಳಿದಷ್ಟು ಮಾರ್ಫಿನ್‌ಗೆ ಈ ವಾರವೇ ಅನುಮತಿ ಕೊಡಿ. ವಿಚಾರಿಸುವುದಿದ್ದರೆ ಅವರನ್ನು ಕೇಳಿ, ನಮ್ಮ ಓಣಿಯನ್ನಲ್ಲ. ಅವ್ವ ನಿನ್ನೆಯಿಂದ ಮಾತ್ರೆಯನ್ನು ಮುರಿದು ಅರ್ಧ ಮಾತ್ರ ನುಂಗುತ್ತಿದ್ದಾಳೆ. ಉಳಿದರ್ಧ ಸೆರಗಿನ ಗಂಟಿನಲ್ಲಿದೆ. ಯಾಕೆಂದು ಕೇಳಿದೆ.

"ಇನ್ನೊಬ್ರು ನಿನ್ನ ನೋಡ್ಲಿಕ್ಕಿ ಬಂದ್ರ, ಅವತ್ತರೆ ನಡುಗಬಾರ್ದಲ್ಲ."

ಇಂತಿ,
ತಟ್ಟೆ ಹಿಡಿದು ಸುಮ್ಮನೆ ನಿಂತಿದ್ದ ಮಗಳು
ಕಮಲಾಪುರ, ೨೦೦೧